ನನಗಿಂತ ಮೊದಲು ಹುಟ್ಟಿದ ನನ್ನ ತಂಗಿ

ಗಂಡನಿಗಿಂತ ಹೆಂಡತಿ ಒಂದು ವರ್ಷ ದೊಡ್ಡವಳೆಂದು ಸರಕಾರಿ ಕಾಗದ ಹೇಳಿದರೆ ಹೆಂಡತಿಯಾದವಳು ಏನು ಮಾಡಬೇಕು? ಸುಮ್ಮನಿರಬೇಕು. ಇದು ಈಗ ಗೊತ್ತು. ಆಗ, ಎಪ್ಪತ್ತರ ದಶಕದ ಕೊನೆಯಲ್ಲಿ, ಗೊತ್ತಿರಲಿಲ್ಲ.

ಇವರು ದುಬೈಯಿಂದ ದೀರ್ಘ ರಜೆಯ ಮೇಲೆ ಉಡುಪಿಗೆ ಬಂದಿದ್ದರು. ಹಿಂದಿರುಗುವಾಗ ಈ ಸಲ ನನ್ನನ್ನೂ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಮದುವೆಯಾದಂದಿನಿಂದ ನಾವು ಜೊತೆಯಲ್ಲಿ ಇದ್ದದ್ದಕ್ಕಿಂತ ಪರಸ್ಪರ ಕಾಗದ ಬರೆದದ್ದೇ ಹೆಚ್ಚು. ಸಂಭ್ರಮದಿಂದ ಪಾಸ್‌ಪೋರ್ಟಿನ ಅರ್ಜಿಗೆಂದು ನನ್ನ ಶಾಲಾ ಸರ್ಟಿಫಿಕೇಟು ತೆಗೆದುಕೊಟ್ಟೆ. ಇವರು ಓದಿದರು. ಎದ್ದು ನಿಂತು ಕೈಮುಗಿದರು.

"ಕೂತುಕೊಳ್ಳಿ ಅಕ್ಕಾ."

ನಿಜದಲ್ಲಿ ನಾನು ಇವರಿಗಿಂತ ಒಂದು ವರ್ಷ ಚಿಕ್ಕವಳು. ಆದರೆ ಕಾನ್ವೆಂಟಿಗೆ ಬೇಗ ಸೇರಿಸುವ ಆತುರದಲ್ಲಿ ಅಪ್ಪ ನನಗೆ ಎರಡು ವರ್ಷ ಹೆಚ್ಚು ಬರೆಸಿದ್ದರು. ತಲೆಯ ಮೇಲಿಂದ ಕೈ ಹಾಕಿ ಆಚೆಯ ಕಿವಿ ಮುಟ್ಟಿದರೆ ಶಾಲೆಯ ಪ್ರಾಯವಾಯಿತೆಂದು ಆಗಿನ ಲೆಕ್ಕ. ನನ್ನ ಕೈ ಉದ್ದ. ಸಿಸ್ಟರ್ ಒಪ್ಪಿಬಿಟ್ಟರು!

"ಇರಲಿ ಬಿಡು ಮಾರಾಯ್ತಿ, ಯಾರು ನೋಡ್ತಾರೆ?" ಎಂದರು ಇವರು.

"ದೇವರು ನೋಡ್ತಾನೆ," ಎಂದೆ. ನಿಜಕ್ಕೂ ನನಗಿದ್ದದ್ದು ನಾದಿನಿಯರು ನೋಡುತ್ತಾರೆಂಬ ಹೆದರಿಕೆ.

ತಾರೀಕು ತಿದ್ದಿಸಲೆಂದು ಕುಕ್ಕುಂದೂರಿನ ತವರಿನಿಂದ ಅಪ್ಪ ಅಮ್ಮನನ್ನು ಸಾಕ್ಷಿಗೆ ಕರೆದುಕೊಂಡು ಕಾರ್ಕಳದ ಒಬ್ಬ ವಕೀಲರ ಮುಂದೆ ಕುಳಿತೆ. ಅಮ್ಮ ಮದುವೆಗೆ ಹೊರಟವರಂತೆ ತಲೆತುಂಬ ಮಲ್ಲಿಗೆ ಮುಡಿದಿದ್ದರು. ವಕೀಲರು ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ನನ್ನ ಜಾತಕ ನೋಡಿದರು.

"ಸಾಕಾಗ್ತದೆ. ಒಡಹುಟ್ಟಿದವರ ಸರ್ಟಿಫಿಕೇಟ್ ಉಂಟಾ? ಇದ್ದರೆ ಇನ್ನೂ ಗಟ್ಟಿ."

ಉಂಟು! ತಂಗಿ ಸುಮತಿಯದನ್ನು ಯಾರೂ ಹೇಳದೆಯೇ ತಂದಿದ್ದೆ. ಹೆಮ್ಮೆಯಿಂದ ಮುಂದಿಟ್ಟೆ.

ಮುಚ್ಚಳ ಬಾಯಿಂದ ಕೆಳಗೆ ಬಿತ್ತು.

"ಇವರು ನಿಮ್ಮ ಅಕ್ಕನಾ?"

"ಅಲ್ಲ, ತಂಗಿ."

"ನಿಮಗಿಂತ ನಾಲ್ಕು ತಿಂಗಳು ಮೊದಲು ಹುಟ್ಟಿದ ತಂಗಿಯಾ?"

ಸುಮತಿಯನ್ನು ಶಾಲೆಗೆ ಸೇರಿಸುವಾಗಲೂ ಅಪ್ಪ ಅಷ್ಟೇ ಉದಾರವಾಗಿ ಎರಡು ವರ್ಷ ದಾನ ಮಾಡಿದ್ದರು. ಅವಳ ತಾರೀಕು ಹಾಗೇ ಉಳಿದು ನನ್ನದು ಮಾತ್ರ ಸರಿಯಾದರೆ ತಂಗಿಯೇ ಅಕ್ಕ!

ವಕೀಲರು ಸ್ವರ ತಗ್ಗಿಸಿದರು. "ಒಬ್ಬ ತಾಯಿಗೆ ನಾಲ್ಕು ತಿಂಗಳಲ್ಲಿ ಎರಡು ಹೆರಿಗೆ ಅಂದರೆ ಯಾವ ಆಫೀಸಿನಲ್ಲೂ ನಂಬುವುದಿಲ್ಲ." ಆಮೇಲೆ ಅಪ್ಪನ ಕಡೆ ಬಗ್ಗಿ, "ತಪ್ಪು ತಿಳೀಬೇಡಿ, ನಿಮಗೆ ಬೇರೆ ಸಂಸಾರ ಎಂತಾದರೂ ಉಂಟಾ?"

ಅಮ್ಮ ನಿಧಾನವಾಗಿ ಅಪ್ಪನತ್ತ ತಿರುಗಿದರು. ಮಲ್ಲಿಗೆ ನಡುಗುತ್ತಿತ್ತು.

"ಹೇಳಿ. ಉಂಟಾ?"

"ಅಯ್ಯೋ, ಇಬ್ಬರನ್ನೂ ಹೆತ್ತದ್ದು ನೀನೇ ಅಲ್ವಾ!"

"ನಾನು ಹೆತ್ತದ್ದು ನನಗೆ ಗೊತ್ತುಂಟು. ನೀವು ಬರೆಸಿದ್ದು ಎಂತ?"

ಕಣ್ಣಾರೆ ನೋಡಿದ್ದನ್ನು ಇನ್ನು ಮುಚ್ಚಿಡಲಾಗದು, ತಂಗಿಯ ತಾರೀಕನ್ನೂ ತಿದ್ದಿಸಿದರೆ ಎಲ್ಲ ಸರಿಯಾದೀತೆಂದರು ವಕೀಲರು. ಮರುದಿನ ಮಣಿಪಾಲದಲ್ಲಿ ಅವಳು ಕೆಲಸ ಮಾಡುವ ಬ್ಯಾಂಕಿಗೇ ಹೋದೆ. ಸುಮತಿ ನನ್ನನ್ನು ಕೌಂಟರಿನಿಂದ ದೂರಕ್ಕೆ ಎಳೆದಳು.

"ನಿನಗೆ ಹುಚ್ಚಾ ಅಕ್ಕ? ಸರಿಯಾದ ತಾರೀಕು ಹಾಕಿದರೆ ಕೆಲಸಕ್ಕೆ ಸೇರುವಾಗ ನನಗೆ ಹದಿನೇಳೂ ತುಂಬಿರಲಿಲ್ಲ ಅಂತಾಗ್ತದೆ! ನೀನು ಭಾವನ ಎದುರು ಸಣ್ಣವಳಾಗಲಿಕ್ಕೆ ನನ್ನ ಅನ್ನ ತೆಗೀತೀಯಾ?"

ಅಷ್ಟರಲ್ಲಿ ಇವರ ರಜೆ ಕರಗುತ್ತಿತ್ತು. ಪಾಸ್‌ಪೋರ್ಟ್ ಸಕಾಲಕ್ಕೆ ಬಾರದಿದ್ದರೆ ಮತ್ತೆ ಕಾಗದ ಬರೆಯುವ ಸಂಸಾರವೇ ಗತಿ. ಸತ್ಯವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು, ಹಳೆಯ ತಾರೀಕನ್ನೇ ಬರೆದು ಸಹಿ ಹಾಕಿದೆ. ಹೊರಡುವ ಹೊತ್ತಿಗೆ ಹೇಗೋ ಪಾಸ್‌ಪೋರ್ಟ್ ಕೈಸೇರಿತು.

ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿದ್ದ ಅಧಿಕಾರಿಗೆ ಎಲ್ಲದರಲ್ಲೂ ಸಂಶಯ. ನಮ್ಮ ಮುಂದಿದ್ದವರ ಮೀಸೆಯನ್ನೇ ಅವನು ನಂಬಲಿಲ್ಲ. ನಮ್ಮ ಸರದಿ ಬಂತು. ಎರಡೂ ಪಾಸ್‌ಪೋರ್ಟುಗಳ ತಾರೀಕು ನೋಡಿದ. ಇವರ ಮುಖ ನೋಡಿದ. ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಎಲ್ಲವನ್ನೂ ವಿವರಿಸಲು ನಾನು ಬಾಯಿ ತೆರೆದೆ.

ಅವನು ಠಪ್ಪೆಂದು ಮುದ್ರೆ ಒತ್ತಿಬಿಟ್ಟ!

ಒಂದು ಪ್ರಶ್ನೆಯೂ ಇಲ್ಲ. ಪುಣ್ಯಾತ್ಮನಿಗೆ ನನ್ನ ಪ್ರಾಯದ ಮೇಲೆ ಒಂದಿಷ್ಟಾದರೂ ಸಂಶಯ ಬರಬಾರದಿತ್ತೇ?