ಒಂದು ನಿಮಿಷ ಬಿಟ್ಟು ಮತ್ತೆ ನೋಡಿ

ಸುಮ್ಮನೆ ಗುಂಡಿ ಒತ್ತಬೇಡಿ ಎಂದು ಹೇಳುವವರು ಮನೆಯಲ್ಲಿ ಇಲ್ಲದ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಾನು ತಮಿಳುನಾಡಿಗೆ ಸೇರಿದ ರಾಯಕೋಟೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಉತ್ತರ ಸರಿಯಿದ್ದರೂ ಮುಂದೆ ಮೀಟರೋ ಲೀಟರೋ ಬರೆಯದಿದ್ದರೆ ಅರ್ಧ ಅಂಕ ಕಳೆಯುವವನು. ನನ್ನ ಹೆಂಡತಿ ಅದೇ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದಳು. ಮಕ್ಕಳ ಮಾತು, ಸ್ಟಾಫ್ ರೂಮಿನ ಮುನಿಸು, ಬಸ್ಸಿನಲ್ಲಿ ಕಂಡದ್ದು, ಎಲ್ಲವನ್ನೂ ಒಂದು ಬ್ಲಾಗಿನಲ್ಲಿ ಬರೆಯುತ್ತಿದ್ದಳು. ಕಾಗದದಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ಇರಲಿಲ್ಲ, ನೇರವಾಗಿ ಅಲ್ಲೇ ಟೈಪ್ ಮಾಡುತ್ತಿದ್ದಳು. ಹೊಸದು ಹಾಕಿದಾಗಲೆಲ್ಲ "ಓದಿದ್ರಾ ಮೇಷ್ಟ್ರೇ?" ಎಂದು ಕೇಳುತ್ತಿದ್ದಳು. ನಾನು "ಓದಿದೆ, ಚೆನ್ನಾಗಿದೆ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಓದಿರುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಎಲ್ಲವನ್ನೂ ಒಟ್ಟಿಗೆ ಓದೋಣ ಎಂದು ಲೆಕ್ಕ ಹಾಕಿಕೊಂಡಿದ್ದೆ. ಲೆಕ್ಕ ತಪ್ಪಾಯಿತು. ಅವಳು ತೀರಿಕೊಂಡಳು.

ಒಂದು ನಿಮಿಷ

ಅವಳು ಹೋಗಿ ಒಂಬತ್ತು ತಿಂಗಳಾದ ಮೇಲಿನ ಒಂದು ಶನಿವಾರ. ಬಟ್ಟೆ ನೆನೆಹಾಕಿದ್ದೆ, ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದೆ. ಇವತ್ತು ಮೊದಲನೆಯ ಬರಹದಿಂದ ಓದಲು ಶುರುಮಾಡೋಣ ಎಂದು ಅವಳ ಲ್ಯಾಪ್‌ಟಾಪ್ ತೆರೆದೆ. ಬ್ಲಾಗಿನ ಪುಟದ ಮೂಲೆಯಲ್ಲಿ ಕೆಂಪು ಚುಕ್ಕಿ, ಅದರೊಳಗೆ 1 ಎಂಬ ಅಂಕಿ. ಅಪ್‌ಡೇಟ್ ಒಂದು ಬಾಕಿಯಿದೆ ಎಂದು ಅದರ ಅರ್ಥ. ನನಗೆ ಬಾಕಿ ಎಂದರೆ ಆಗದು. ಒತ್ತಿದೆ.

ಅರ್ಧದಲ್ಲಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಉಳಿಯಿತು, ಇಂಟರ್ನೆಟ್ ಡಬ್ಬಿ ಕಣ್ಣು ಮುಚ್ಚಿತು. ಕರೆಂಟ್ ಬಂದಾಗ ಬ್ಲಾಗ್ ಇರಲಿಲ್ಲ. ಬಿಳೀ ಪುಟದಲ್ಲಿ ಇಂಗ್ಲಿಷಿನ ಒಂದೇ ಸಾಲು ಇತ್ತು. ರಿಪೇರಿ ನಡೆಯುತ್ತಿದೆ, ಒಂದು ನಿಮಿಷ ಬಿಟ್ಟು ಮತ್ತೆ ನೋಡಿ ಎಂದು ಅದರ ತಾತ್ಪರ್ಯ.

ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಅರವತ್ತು ಸೆಕೆಂಡು ಎಣಿಸಿದೆ. ಮತ್ತೆ ನೋಡಿದೆ, ಅದೇ ಸಾಲು. ಇನ್ನೊಂದು ನಿಮಿಷ. ಬೇಳೆ ಸೀದಿತು. ಪಕ್ಕದ ಮನೆಯಾಕೆ ವಾಸನೆ ಹಿಡಿದು ಬಂದು, "ಏನ್ ಸಾರ್ ಮಾಡ್ತಿದೀರಾ?" ಎಂದಳು.

"ಒಂದು ನಿಮಿಷ ಕಾಯ್ತಾ ಇದೀನಮ್ಮ."

"ಎಷ್ಟೊತ್ತಿಂದ?"

"ಮುಕ್ಕಾಲು ಗಂಟೆಯಿಂದ" ಎಂದೆ.

ಮೊಟ್ಟೆಯ ಕಳ್ಳರು

ಸೋಮವಾರ ಮುಖ್ಯೋಪಾಧ್ಯಾಯಿನಿಯವರಿಗೆ ಹೇಳಿದೆ. ಅವರು, "ಕಾಪಿ ಪುಸ್ತಕಗಳಿವೆಯಲ್ಲ ಸಾರ್!" ಎಂದರು.

ಹೌದು. ಅವಳ ಕ್ಲಾಸಿನಲ್ಲಿ ಕಾಪಿರೈಟಿಂಗಿಗೆ ಪಾಠದ ಪುಸ್ತಕ ಇರಲಿಲ್ಲ. ತನ್ನ ಬ್ಲಾಗಿನ ಬರಹವನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದಳು, ಮಕ್ಕಳು ದುಂಡಗೆ ನಕಲು ಮಾಡಬೇಕಿತ್ತು. ಹಳೆಯ ಪುಸ್ತಕ ಇದ್ದವರು ತನ್ನಿ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಹೇಳಿಸಿದೆ. ಒಬ್ಬ ತಾಯಿ ಗೇಟಿನ ಹತ್ತಿರ ನಿಲ್ಲಿಸಿ, "ಅಯ್ಯೋ ಸಾರ್, ಅರ್ಧ ಪುಸ್ತಕ ಹರ್ದು ಒಲೆ ಹತ್ತಿಸ್ಬುಟ್ಟೆ. ಟೀಚರಮ್ಮ ಬರ್ದಿದ್ದು ಅಂತ ಗೊತ್ತಿದ್ರೆ ಹತ್ತಿಸ್ತಿದ್ನಾ?" ಎಂದು ಕಣ್ಣೊರೆಸಿಕೊಂಡಳು. ನಾನೇ ಸಮಾಧಾನ ಹೇಳಬೇಕಾಯಿತು.

ಒಟ್ಟು ಹದಿನೇಳು ಪುಸ್ತಕ ಬಂದವು. ನಾಲ್ಕರಲ್ಲಿ ಒಂದೇ ಬರಹ ಇತ್ತು. ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿಗೆ ಮಕ್ಕಳ ಜೊತೆಯಲ್ಲೇ ಮಧ್ಯಾಹ್ನದ ಊಟ ಬಡಿಸಿದ್ದು, ಅವರು ಕೈ ತೊಳೆದು ಬರುವಷ್ಟರಲ್ಲಿ ತಟ್ಟೆಯ ಮೊಟ್ಟೆ ಮಾಯವಾಗಿದ್ದು, ಕೊನೆಗೆ ಕಳ್ಳ ಸಿಕ್ಕಿದ್ದು. ಮೊದಲ ಮೂರು ಪುಸ್ತಕ ಓದಿದೆ. ಅಕ್ಷರಕ್ಕೆ ಅಕ್ಷರ ಹೊಂದುತ್ತಿತ್ತು, ಕಳ್ಳನ ಹೆಸರು ಮಾತ್ರ ಹೊಂದುತ್ತಿರಲಿಲ್ಲ. ಮೊದಲನೆಯ ಹುಡುಗ ತನ್ನ ಪಕ್ಕದವನ ಹೆಸರು ಹಾಕಿದ್ದ. ಪಕ್ಕದವನು ಇವನದು. ಮೂರನೆಯ ಹುಡುಗಿ ಇಬ್ಬರನ್ನೂ ಸೇರಿಸಿ, ಅರ್ಧರ್ಧ ಮೊಟ್ಟೆ ಎಂದು ನ್ಯಾಯ ಮಾಡಿದ್ದಳು.

ಸತ್ಯ ತಿಳಿಯಲೆಂದು ಮೂವರನ್ನೂ ಕರೆಸಿ ನಿಲ್ಲಿಸಿದೆ.

"ಇವ್ನೇ ಸಾರ್ ತಿಂದಿದ್ದು!"

"ಸುಳ್ಳು ಯೋಳ್ತಾನೆ ಸಾರ್, ಮೊಟ್ಟೆ ಹಳದಿ ಯಾರ್ ಬಾಯಲ್ಲಿ ಇತ್ತು ಯೋಳ್ಲಾ ನೀನು!"

ಇನ್ನು ಉಳಿದದ್ದು ನಾಲ್ಕನೆಯ ಪುಸ್ತಕ. ತೆರೆದು ನೋಡಿದೆ. ಅದರಲ್ಲಿ ಮೊಟ್ಟೆ ತಿಂದದ್ದು ಲೆಕ್ಕದ ಮೇಷ್ಟ್ರು. ಪುಟದ ಕೆಳಗೆ ಅವಳು ಕೆಂಪು ಶಾಯಿಯಲ್ಲಿ "ಅತ್ಯುತ್ತಮ" ಎಂದು ಬರೆದು ಸಹಿ ಹಾಕಿದ್ದಳು.

ಇಷ್ಟದ ಶಿಕ್ಷಕರು

ಕಾಪಿ ಪುಸ್ತಕಗಳಿಂದ ದೊರೆತದ್ದು ಮೂವತ್ತೊಂದು ಬರಹ, ಅವೂ ಮಕ್ಕಳ ತಿದ್ದುಪಡಿಯೊಂದಿಗೆ. ಅವಳು ಬರೆದದ್ದು ಇನ್ನೂರರ ಮೇಲೆ. ಬೇರೆ ದಾರಿ ಕಾಣದೆ, ಬ್ಲಾಗಿಗೆ ಜಾಗ ಕೊಟ್ಟ ಕಂಪನಿಗೆ ಫೋನ್ ಮಾಡಿದೆ. ಎತ್ತಿದ ಹುಡುಗಿ ತಮಿಳಿನಲ್ಲಿ ಬಹಳ ವಿನಯದಿಂದ ಮಾತಾಡಿದಳು.

"ಅಕೌಂಟ್ ಮೇಡಂ ಹೆಸರಿನಲ್ಲಿದೆ ಸಾರ್. ಅವರ ಹತ್ತಿರ ಫೋನ್ ಕೊಡಿ."

"ಅವರು ಇಲ್ಲಮ್ಮ."

"ಹೊರಗೆ ಹೋಗಿದ್ದಾರಾ? ಯಾವಾಗ ಬರ್ತಾರೆ?"

ತಪ್ಪು ಉತ್ತರ ಕೊಡುವುದು ನನ್ನಿಂದಾಗದು. ಸರಿಯಾದದ್ದನ್ನು ಹೇಳಿದೆ. ಆಕೆ ಮೆಲ್ಲಗೆ, "ಹಾಗಾದರೆ ಅವರು ಇಟ್ಟಿದ್ದ ರಹಸ್ಯ ಪ್ರಶ್ನೆಗೆ ನೀವು ಉತ್ತರ ಹೇಳಿದರೆ ಸಾಕು ಸಾರ್. ಅವರಿಗೆ ತುಂಬಾ ಇಷ್ಟವಾದ ಶಿಕ್ಷಕರು ಯಾರು?" ಎಂದಳು.

ಒಂಬತ್ತು ತಿಂಗಳಲ್ಲಿ ಮೊದಲ ಸಲ ನನಗೆ ನಗು ಬಂತು. ಗಂಟಲು ಸರಿಮಾಡಿಕೊಂಡು ನನ್ನ ಹೆಸರು ಹೇಳಿದೆ.

"ತಪ್ಪು ಸಾರ್."

ಇನಿಷಿಯಲ್ ಸೇರಿಸಿ ಹೇಳಿದೆ.

"ಅದೂ ತಪ್ಪು ಸಾರ್. ಇನ್ನೊಂದೇ ಅವಕಾಶ. ಯಾರನ್ನಾದರೂ ಕೇಳಿಕೊಂಡು ನಾಳೆ ಮಾಡಿ."

ಸೂಳಗಿರಿಯಲ್ಲಿರುವ ಅವಳ ಅಕ್ಕನಿಗೆ ಫೋನ್ ಮಾಡಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನಿಮ್ಮೆಸ್ರು ಯಾಕ್ ಬರೀತಾಳೆ ಮೇಷ್ಟ್ರೇ? ಲೆಕ್ಕ ಅಂದ್ರೆ ಅವ್ಳಿಗೆ ಜ್ವರ ಬತ್ತಿತ್ತು. ನಮ್ಮೂರ ಇಸ್ಕೂಲಿನ ಡ್ರಿಲ್ ಮೇಷ್ಟ್ರು ಕಣ್ರೀ! ನಾಕು ಹನಿ ಬಿದ್ರೆ ಸಾಕು, ಮನೆಗೋಗಿ ಅಂತ ಬಿಟ್ಬುಡೋರು" ಎಂದರು.

ಅವರು ಹೇಳಿದ ಹೆಸರನ್ನು ಮರುದಿನ ಕಂಪನಿಗೆ ಹೇಳಿದೆ, ಉತ್ತರ ಸರಿಯಾಗಿತ್ತು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಆ ಡ್ರಿಲ್ ಮೇಷ್ಟ್ರ ಹೆಸರನ್ನು ನಾನು ಕೇಳಿದ್ದು ಅಂದೇ ಮೊದಲು.

ಚುಕ್ಕೆ

ಹೊಸ ಪಾಸ್‌ವರ್ಡ್ ಸಿಕ್ಕಿತು, ಬ್ಲಾಗಿನ ಹಿಂಬಾಗಿಲು ತೆರೆಯಿತು. ಒಳಗೆ ನೂರಾರು ಕಡತ. ಮುಟ್ಟಲು ಧೈರ್ಯ ಸಾಲಲಿಲ್ಲ. ಒಂದು ಗುಂಡಿ ಒತ್ತಿದ ಫಲ ಕಣ್ಣ ಮುಂದೆಯೇ ಇತ್ತಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೂಕಂಡಪಲ್ಲಿಯಲ್ಲಿ ಮನೆ ಮಾಡಿಕೊಂಡು ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ. ಭಾನುವಾರ ಬಂದಳು. ಪರದೆಯ ಮೇಲಿನ ಸಾಲು ಓದಿ ಕೇಳಿದಳು:

"ಎಷ್ಟು ದಿನದಿಂದ ಹಿಂಗೈತೆ ಸಾರ್?"

"ಇವತ್ತಿಗೆ ಇಪ್ಪತ್ತೊಂಬತ್ತು."

"ಒಂದು ನಿಮಿಷ ಅಂದಿದ್ದಕ್ಕೆ?"

"ದಿನಾ ಬೆಳಿಗ್ಗೆ ಒಂದು ನಿಮಿಷ ನೋಡ್ತೀನಿ" ಎಂದೆ.

ಅವಳು ನಗಬೇಕೆಂದಿದ್ದವಳು ನಗಲಿಲ್ಲ. "ಟೀಚರ್ ಬರ್ದಿದ್ದೆಲ್ಲ ಇರ್ತದೆ ಸಾರ್, ಭಯ ಬೀಳ್ಬೇಡಿ" ಎಂದು ಮೊದಲು ಎಲ್ಲದರ ಒಂದು ಪ್ರತಿ ತೆಗೆದು ಪೆನ್‌ಡ್ರೈವಿಗೆ ಹಾಕಿದಳು. ಆಮೇಲೆ ವಿವರಿಸಿದಳು. ಅಪ್‌ಡೇಟ್ ಶುರುವಾದಾಗ ಬ್ಲಾಗ್ ತನ್ನ ಬಾಗಿಲಿಗೆ ಒಂದು ಬೋರ್ಡು ನೇತುಹಾಕುತ್ತದಂತೆ. ಮುಗಿದ ಮೇಲೆ ತಾನೇ ತೆಗೆಯುತ್ತದಂತೆ. ಕರೆಂಟ್ ಹೋದದ್ದರಿಂದ ತೆಗೆಯುವ ಕೆಲಸ ಹಾಗೇ ನಿಂತಿತ್ತು. ಆ ಬೋರ್ಡು ಒಂದು ಪುಟ್ಟ ಕಡತ. ಅದರ ಹೆಸರು ಚುಕ್ಕೆಯಿಂದ ಶುರುವಾಗುತ್ತದೆ, ಹಾಗೆ ಶುರುವಾಗುವ ಕಡತಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಅವಳು ಅದನ್ನು ಕಾಣುವಂತೆ ಮಾಡಿ ಅಳಿಸಿದಳು. ನಿಂತುಹೋಗಿದ್ದ ಅಪ್‌ಡೇಟನ್ನು ಇನ್ನೊಂದು ಸಲ ನಡೆಸಿದಳು. ಕಾಫಿಗೆ ಇಟ್ಟ ಹಾಲು ಇನ್ನೂ ಉಕ್ಕಿರಲಿಲ್ಲ, ಬ್ಲಾಗ್ ಬಂತು.

"ಇಷ್ಟೇನಾ?" ಎಂದೆ.

"ಇಷ್ಟೇ ಸಾರ್. ಏಳ್ನೇ ಕ್ಲಾಸಲ್ಲಿ ಒಂದು ಚುಕ್ಕೆ ಬಿಟ್ಟೆ ಅಂತ ಇಡೀ ಲೆಕ್ಕಕ್ಕೆ ಸೊನ್ನೆ ಹಾಕಿದ್ರಲ್ಲ ನೀವು? ಆವಾಗಿಂದ ಚುಕ್ಕೆ ಕಂಡ್ರೆ ನಾನು ಬಿಡಲ್ಲ."

ಕರಡು

ಹೊರಡುವ ಮುಂಚೆ ಅವಳು ಬರಹಗಳನ್ನು ಎಣಿಸಿ ತೋರಿಸಿದಳು. ಪ್ರಕಟವಾದವು ಇನ್ನೂರ ಹನ್ನೆರಡು. ಪಕ್ಕದಲ್ಲಿ, ಕರಡು ಒಂದು. "ಇದು ಟೀಚರ್ ಬರ್ದು ಹಾಕದೇ ಇಟ್ಟಿರೋದು ಸಾರ್. ನೀವೇ ಓದ್ಕೊಳ್ಳಿ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಶೀರ್ಷಿಕೆ "ಓದಿದೆ, ಚೆನ್ನಾಗಿದೆ" ಎಂದಿತ್ತು. ಇದೊಂದನ್ನು ಮಾತ್ರ ನಾನು ನಿಧಾನವಾಗಿ, ಎರಡು ಸಲ ಓದಿದೆ. ಇದ್ದದ್ದು ಇದ್ದ ಹಾಗೆ ಇಲ್ಲಿ ಕೊಡುತ್ತೇನೆ.

"ಇವತ್ತು ನಮ್ಮ ಮೇಷ್ಟ್ರಿಗೆ ಒಂದು ಪರೀಕ್ಷೆ ಇಟ್ಟೆ. ಅವರು ಪೇಪರ್ ತಿದ್ದುತ್ತಿದ್ದರು. 'ಹೊಸದು ಹಾಕಿದೀನಿ, ಓದಿದ್ರಾ?' ಎಂದೆ. ತಲೆ ಎತ್ತದೆ 'ಓದಿದೆ, ಚೆನ್ನಾಗಿದೆ' ಎಂದರು. 'ಯಾವ ಭಾಗ ಇಷ್ಟ ಆಯ್ತು?' 'ಕೊನೇದು.' 'ಕೊನೇದು ಸ್ವಲ್ಪ ಉದ್ದ ಆಗಲಿಲ್ವಾ?' ಪೆನ್ನು ಕೆಳಗಿಟ್ಟು, ಗಂಭೀರವಾಗಿ ಯೋಚಿಸಿ, 'ಇಲ್ಲ, ಸರಿಯಾಗಿದೆ' ಎಂದರು. ನಾನು ಎರಡು ತಿಂಗಳಿಂದ ಒಂದಕ್ಷರವೂ ಬರೆದಿಲ್ಲ. ವಾರಕ್ಕೆರಡು ಸಲ ಕೃಷ್ಣಗಿರಿ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋಗಿ ಬರುತ್ತಿರುವುದು ಇವರೇ. ಬರೆಯಲು ಹೊತ್ತೆಲ್ಲಿತ್ತು ಎಂದು ಇವರಿಗೆ ಹೊಳೆಯಲೇ ಇಲ್ಲ. ಆದರೆ ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಚೆನ್ನಾಗಿಲ್ಲ ಎಂದವರಲ್ಲ. ಅಂಕ ಹಾಕಿದ್ದೇನೆ."

ಕೆಳಗೆ ಅಂಕ ಇತ್ತು. ಹತ್ತಕ್ಕೆ ಒಂಬತ್ತೂವರೆ.