ಕಮಾಂಡರ್ ಕೂರುವ ಜಾಗ

ಮೇಲಧಿಕಾರಿ ಸುಮ್ಮನೆ ನಿಂತಿದ್ದರೆ ಆ ದಿನ ಏನೂ ಆಗುತ್ತಿರಲಿಲ್ಲ. ಕೂತುಬಿಟ್ಟರು.

ಇಪ್ಪತ್ತು ವರ್ಷದ ಮೇಲೆ ಯುದ್ಧಕ್ಕೆ ಇಳಿಯಬೇಕಾದ ಟ್ಯಾಂಕನ್ನು ವಿನ್ಯಾಸ ವಿಭಾಗದವರು ಸದ್ಯಕ್ಕೆ ಮರದಲ್ಲಿ ಮಾಡಿ ನಿಲ್ಲಿಸಿದ್ದರು. ಹತ್ತು ಗಂಟೆಗೆ, ರಣರಂಗ ಕಂಡ ಕಮಾಂಡರ್ ಒಬ್ಬರು ಬಂದು ಒಳಗೆ ಕೂತು ನೋಡುವವರಿದ್ದರು. ಕಮಾಂಡರ್ ಕೂರುವ ಗೂಡಿನ ನಕ್ಷೆ ಸ್ಕೇಲಮ್ಮನದು. ಕೈಯಲ್ಲಿ ಸದಾ ಸ್ಕೇಲು ಇರುತ್ತಿದ್ದುದರಿಂದ ಅವಳಿಗೆ ಆ ಹೆಸರು. ಕಮಾಂಡರ್ ಒಪ್ಪಿದರೆ ಅವಳ ಎರಡು ವರ್ಷದ ದುಡಿಮೆ ಟ್ಯಾಂಕಾಗುತ್ತದೆ. ಇಲ್ಲವಾದರೆ ಕಸದ ಬುಟ್ಟಿಗೆ.

ಒಂಬತ್ತೂವರೆಗೆ ಮೇಲಧಿಕಾರಿ, "ಮೊದ್ಲು ನಾನೊಂದ್ಸಲ ನೋಡ್ತೀನಮ್ಮ" ಎಂದು ಲಾರಿಯಿಂದ ಕುಂಬಳಕಾಯಿ ಇಳಿದಂತೆ ಆಸನಕ್ಕೆ ಇಳಿದರು. ಲಟಕ್!

"ಅಯ್ಯೋ, ಮುರೀತಲ್ಲ ಸಾರ್!" ಎಂದಳು ಸ್ಕೇಲಮ್ಮ.

"ನಿನ್ನ ಲೆಕ್ಕಾನೇ ತಪ್ಪು," ಎಂದರು, ಕಾಲು ಮೇಲಾಗಿದ್ದಂತೆಯೇ.

"ನನ್ನ ಸ್ಟೂಲ್ ಇಡೋಣ," ಎಂದ ಬಡಗಿ.

"ಏನೂ ಬೇಡ, ಅವರನ್ನ ನಿಲ್ಸಿಬಿಡಿ. ಯುದ್ಧದಲ್ಲಿ ಯಾರ್ರೀ ಕೂರ್ತಾರೆ?" ಎಂದ ಪಕ್ಕದ ಮೇಜಿನವನು.

ಸ್ಕೇಲಮ್ಮ ಓಡಿಹೋಗಿ ತನ್ನ ಕುರ್ಚಿಯನ್ನೇ ಎಳೆದು ತಂದಳು. ಹನ್ನೊಂದು ವರ್ಷ, ವರ್ಷಕ್ಕೊಂದರಂತೆ ಹೊಸ ಕುರ್ಚಿಗೆ ಅರ್ಜಿ ಹಾಕಿ ಸೋತು, ತಾನೇ ತಿದ್ದಿ ತೀಡಿಕೊಂಡ ಕುರ್ಚಿ. ಸೊಂಟಕ್ಕೆ ಅತ್ತೆ ಹೊಲಿದ ದಿಂಬು, ಪಾದಕ್ಕೆ ಓರೆ ಹಲಗೆ, ಮೊಣಕೈಗೆ ಬಟ್ಟೆ ಸುತ್ತಿದ ಪಟ್ಟಿ. ಮನೆಯಲ್ಲೂ ಹೇಳಿಕೊಳ್ಳದ ನೋವೆಲ್ಲ ಆ ಕುರ್ಚಿಗೆ ಗೊತ್ತಿತ್ತು. ಗಾಲಿ ಕಳಚಿ, ಗೂಡಿಗಿಳಿಸಿ ಬಿಗಿಯುವಷ್ಟರಲ್ಲಿ ಕಮಾಂಡರ್ ಬಂದೇಬಿಟ್ಟರು.

ಒಳಗೆ ಹೋದವರು ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ.

"ಮುಗೀತು ನಿನ್ನ ಕತೆ," ಎಂದು ಮೇಲಧಿಕಾರಿ ಎರಡು ಹೆಜ್ಜೆ ದೂರ ಸರಿದರು.

ಆಗ ಮೇಲಿನ ಮುಚ್ಚಳದಿಂದ ತಲೆಯೊಂದು ಮೂಡಿತು. "ಈ ಆಸನ ಯಾರು ಮಾಡಿದ್ದು?"

"ಇವಳೇ ಸಾರ್!" ಮೇಲಧಿಕಾರಿಯ ಬೆರಳು ತೋಪಿನಂತೆ ತಿರುಗಿತು.

"ಎಲ್ರೂ ದೊಡ್ಡ ತೋಪು ಕೊಡ್ತೀವಿ ಅಂತಾರಮ್ಮ. ಹತ್ತು ಗಂಟೆ ಹೊತ್ತು ಒಳಗೆ ಕೂತವನ ಸೊಂಟ ಏನಾಗುತ್ತೆ ಅಂತ ಒಬ್ರೂ ಕೇಳಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ನಾನೂ ಕೂತವಳೇ ಸಾರ್."

ಕಮಾಂಡರ್ ಎದ್ದುನಿಂತು ಸೆಲ್ಯೂಟ್ ಹೊಡೆದರು. ನಕ್ಷೆಯ ಮೇಲೆ ಒಪ್ಪಿಗೆಯ ರುಜು ಬಿತ್ತು. "ನಾನೇ ಬೆಳೆಸಿದ ಹುಡುಗಿ!" ಎಂದು ಮೇಲಧಿಕಾರಿ ಮತ್ತೆ ಎರಡು ಹೆಜ್ಜೆ ಹತ್ತಿರ ಬಂದರು. ಚಪ್ಪಾಳೆಯ ನಡುವೆ ಸ್ಕೇಲಮ್ಮನಿಗೆ ತನ್ನನ್ನು ಅಳೆಯಲು ಯಾವ ಸ್ಕೇಲೂ ಸಾಲದು ಅನ್ನಿಸಿತು.

ಅಷ್ಟರಲ್ಲಿ ಉಗ್ರಾಣದವನು ಬಂದು ಕುರ್ಚಿಗೆ ದಾರ ಬಿಗಿದು, ಅರಗಿನ ಮುದ್ರೆ ಒತ್ತಿದ.

"ಅದು ನಂದು ಕಣಪ್ಪಾ!"

"ಒಪ್ಪಿಗೆಯಾದ ಮಾದರಿ ಮೇಡಂ. ಟ್ಯಾಂಕ್ ಬರೋವರೆಗೂ ಇದರ ದಿಂಬೂ ಅಲ್ಲಾಡೋ ಹಾಗಿಲ್ಲ."

"ಅಂದ್ರೆ ಇಪ್ಪತ್ತು ವರ್ಷ?"

"ನಕ್ಷೆ ಮೇಲೆ ನೀವೇ ಹಾಗಂತ ಬರೆದಿದ್ದೀರಲ್ಲ."

ಮೇಜಿನ ಹತ್ತಿರ ಬಡಗಿಯ ಸ್ಟೂಲ್ ಕಾಯುತ್ತಿತ್ತು. ಅವಳು ನಗುತ್ತಲೇ ಕೂತು, ಹನ್ನೆರಡನೆಯ ಅರ್ಜಿ ಬರೆಯತೊಡಗಿದಳು. ಮೇಲಧಿಕಾರಿ ಹಿಂದಿನಿಂದ ಬಂದರು.

"ಇಡೀ ಸೈನ್ಯದ ಬೆನ್ನು ಉಳಿಸಿಬಿಟ್ಟೆಯಲ್ಲಮ್ಮ!" ಎಂದು ಅವಳ ಬೆನ್ನು ತಟ್ಟಿದರು. ಸರಿಯಾಗಿ, ನೋಯುವ ಜಾಗಕ್ಕೇ.