ಸಾರಿನಲ್ಲಿ ಸಿಕ್ಕಿಬಿದ್ದ ಬೇಟೆಗಾರ

ಗುಡ್ರುನ್: ಓಡಿದೆ! ಈ ಜಿಂಕೆ ಸಾಯೋ ಮುಂಚೆ ಚೆನ್ನಾಗಿ ಓಡಿದೆ.

ಹಾಲ್ವರ್: ಇಲ್ಲ ಕಣೇ! ಅಯ್ಯೋ ಅನ್ನೋಕೂ ಅದಕ್ಕೆ ಪುರುಸೊತ್ತಿರಲಿಲ್ಲ.

ಗುಡ್ರುನ್: ಮತ್ತೆ ಈ ತುಂಡು ಯಾಕೆ ಬೂಟಿನ ತೊಗಲಿನ ಹಾಗಿದೆ? ಹೆದರಿ, ಓಡಿ, ಸುಸ್ತಾಗಿ ಸತ್ತ ಪ್ರಾಣಿಯ ಮಾಂಸವೇ ಹೀಗೆ ಬಿಗಿಯೋದು. ನಮ್ಮಪ್ಪ ಅಗಿದು ನೋಡಿಯೇ ಹೇಳಿಬಿಡ್ತಿದ್ದ.

ಹಾಲ್ವರ್: ನಿಮ್ಮಪ್ಪನಿಗೆ ಹಲ್ಲೇ ಇರಲಿಲ್ಲವಲ್ಲೇ!

ಅಮೆರಿಕದ ವಿಸ್ಕಾನ್ಸಿನ್ ಕಡೆ ನವೆಂಬರ್ ಬಂತೆಂದರೆ ಗಂಡಸರೆಲ್ಲ ಕೋವಿ ಹಿಡಿದು ಕಾಡು ಹೊಕ್ಕುಬಿಡುತ್ತಾರೆ. ಹೋದ ವರ್ಷ ಹಾಲ್ವರ್ ತಂದ ಜಿಂಕೆಯ ನಾತಕ್ಕೆ ಮನೆಯ ನಾಯಿಯೂ ಮುಖ ತಿರುಗಿಸಿತ್ತು. ಈ ಸಲವೂ ಹಾಗೇ ಆದರೆ ಇನ್ನು ಕೋವಿ ಮುಟ್ಟಕೂಡದೆಂದು ಹೆಂಡತಿ ಗುಡ್ರುನ್ ಖಡಾಖಂಡಿತವಾಗಿ ಹೇಳಿದ್ದಳು. ಬೇಟೆಯೊಂದಿಲ್ಲದಿದ್ದರೆ ಹಾಲ್ವರನಿಗೆ ವರ್ಷವೇ ಸಪ್ಪೆ. ಮಧ್ಯಾಹ್ನದ ಊಟಕ್ಕೆ ಮೇಜಿನ ಮೇಲೆ ಹಬೆಯಾಡುತ್ತಿದ್ದ ಸಾರನ್ನು ಅವನು ಪ್ರಾಣ ಕೈಯಲ್ಲಿ ಹಿಡಿದೇ ನೋಡುತ್ತಿದ್ದ. ಬೇಟೆಗೆ ಜೊತೆಗೆ ಹೋಗಿದ್ದ ಅವಳ ತಮ್ಮ ಆಸ್ಮಂಡ್ ಪಕ್ಕದಲ್ಲಿ ಕೂತು, ತಲೆ ಎತ್ತದೆ ಆಲೂಗಡ್ಡೆ ತಿನ್ನುತ್ತಿದ್ದ.

ಹಾಲ್ವರ್: ಆಸ್ಮಂಡ್, ನೀನೇ ಹೇಳೋ. ಓಡ್ತಾ?

ಆಸ್ಮಂಡ್: ಛೆ ಛೆ, ಓಡ್ಲಿಲ್ಲ ಅಕ್ಕ. (ಆಲೂಗಡ್ಡೆ ನುಂಗಿ) ಈಜಿತು.

ಹಾಲ್ವರ್: ಥೂ ನಿನ್ನ!

ಗುಡ್ರುನ್: ಈಜಿತಾ?

ಹಾಲ್ವರ್: ಒಂಚೂರು. ಜೌಗು ಅಡ್ಡ ಬಂದ್ರೆ ಅದಾದ್ರೂ ಏನು ಮಾಡುತ್ತೆ, ಪಾಪ? ಗುಂಡು ಸ್ವಲ್ಪ ಹಿಂದಕ್ಕೆ ಬಿತ್ತು.

ಗುಡ್ರುನ್: ಹಿಂದಕ್ಕೆ ಅಂದ್ರೆ ಹೊಟ್ಟೆಗೆ.

ಹಾಲ್ವರ್: ಎದೆಯ ಪಕ್ಕದ ಮನೆ ಅಂದ್ಕೋ.

ಗುಡ್ರುನ್ ಇನ್ನೊಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಹಾಲ್ವರನೂ ಹೆದರುತ್ತಲೇ ಒಂದು ತುಂಡು ಅಗಿದ. ಹೌದಲ್ಲ! ಏನೋ ಒಂಥರಾ ಕಹಿ. ಕೆಸರುನೀರಿನ ವಾಸನೆಯೂ ಸಣ್ಣಗೆ ಬಂದಂತಾಯಿತು.

ಗುಡ್ರುನ್: ಕರುಳು ತಕ್ಷಣ ತೆಗೆದ್ಯಾ?

ಹಾಲ್ವರ್: ತಕ್ಷಣ!

ಆಸ್ಮಂಡ್: ಹೂಂ, ಊಟ ಮುಗಿಸಿದ ತಕ್ಷಣ. ಆಮೇಲೆ ಭಾವ ಒಂದು ನಿದ್ದೆನೂ ತೆಗೆದ್ರು.

ಹಾಲ್ವರ್: ನೀನು ಆಲೂಗಡ್ಡೆ ತಿನ್ನೋ, ಬಾಯಿ ಖಾಲಿ ಬಿಡಬೇಡ!

ಗುಡ್ರುನ್: ಒಳಗಿನ ಬಿಸಿ ಆರದೆ ಇದ್ರೆ ಮಾಂಸ ನಾರದೆ ಇರುತ್ತಾ? ಆಮೇಲಾದ್ರೂ ನೆಟ್ಟಗೆ ಮನೆಗೆ ತಂದ್ಯಾ?

ಹಾಲ್ವರ್: ನೆಟ್ಟಗೇ... ದಾರೀಲಿ ಬಾರಿನ ಹತ್ರ ಒಂಚೂರು ನಿಂತ್ವಿ. ಎದುರಿಗೆ ಇನ್ನೊಂದು ಬಾರು. ಅವರಿಗೆ ಬೇಜಾರಾಗಬಾರದಲ್ಲ! ಅಂಥಾ ಕೊಂಬು ಕಣೇ, ನಾಲ್ಕು ಜನ ನೋಡಬೇಡ್ವಾ? ಪಾದ್ರಿಗಳೇ ಬಂದು ಮುಟ್ಟಿ ನೋಡಿದ್ರು.

ಗುಡ್ರುನ್: ಜಿಂಕೆ ಎಲ್ಲಿತ್ತು?

ಹಾಲ್ವರ್: ಕಾರಿನ ಮೂತಿ ಮೇಲೆ.

ಗುಡ್ರುನ್: ಅಯ್ಯೋ ದೇವರೇ! ಕೆಳಗೆ ಕಾದ ಇಂಜಿನ್ನು, ಮೇಲೆ ಬಿಸಿಲು! ಅಲ್ಲೇ ಉಪ್ಪು ಖಾರ ಹಾಕಿದ್ರೆ ನನಗೆ ಒಲೆ ಹಚ್ಚೋ ಕೆಲಸವೂ ತಪ್ತಿತ್ತಲ್ಲೋ!

ಹಾಲ್ವರ್ ಮತ್ತೊಂದು ತುಂಡು ಅಗಿದ. ಈ ಸಲ ಪೆಟ್ರೋಲ್ ವಾಸನೆಯೇ ಬಂತು. ಅವನು ಚಮಚ ಕೆಳಗಿಟ್ಟ.

ಹಾಲ್ವರ್: ಸಾಕು ಕಣೇ, ಒಪ್ಕೊಂಡೆ. ನಾನು ಮಾಡಿದ್ದೆಲ್ಲ ಈ ಸಾರಿನಲ್ಲಿ ಬಾಯಿಗೆ ಬರ್ತಿದೆ. ಅಂಥಾ ಒಳ್ಳೇ ಪ್ರಾಣಿನ ಹಾಳು ಮಾಡಿಬಿಟ್ಟೆ.

ಆಸ್ಮಂಡ್: (ತಟ್ಟೆ ದೂರ ತಳ್ಳಿ) ನನಗೂ ಆಗಿಂದ ಆ ಕೆಸರುನೀರೇ ಬಾಯಿಗೆ ಬರ್ತಿದೆ ಅಕ್ಕ.

ಗುಡ್ರುನ್‌ಗೆ ನಗು ತಡೆಯಲಾಗಲಿಲ್ಲ. ಸೆರಗಿಲ್ಲದ ಊರು, ಕೈವಸ್ತ್ರವನ್ನೇ ಬಾಯಿಗೆ ಒತ್ತಿಕೊಂಡಳು.

ಗುಡ್ರುನ್: ಇದು ಕಟುಕನ ಅಂಗಡಿಯ ದನದ ಮಾಂಸ ಕಣ್ರೋ! ಬೇಕಂತಲೇ ಅರ್ಧ ಬೇಯಿಸಿದ್ದು. ನಿಮ್ಮ ಜಿಂಕೆ ಇನ್ನೂ ಕೊಟ್ಟಿಗೆಯಲ್ಲೇ ನೇತಾಡ್ತಿದೆ. ಕೊಯ್ಯೋ ಮುಂಚೆ ಅದರ ಕಥೆ ಕೇಳಿಬಿಡೋಣ ಅಂತ.

ಆಸ್ಮಂಡ್ ಮೆಲ್ಲಗೆ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ.

ಹಾಲ್ವರ್: ಮೋಸ! ಮೋಸ ಇದು! ಹಾಗಾದ್ರೆ ನನ್ನ ಜಿಂಕೆ ಚೆನ್ನಾಗೇ ಇರಬಹುದಲ್ಲ?

ಗುಡ್ರುನ್: ಇದ್ರೆ ನೀನೇ ತಿನ್ನು, ಕೊಂಬಿನ ಸಮೇತ. ಮುಂದಿನ ವರ್ಷ ಕೋವಿ ನನ್ನದು.

ಹಾಲ್ವರ್: ನೀನಾ? ಬೇಟೆ ಅಂದ್ರೆ ಏನು ಅಂದ್ಕೊಂಡಿದ್ದೀ? ಹೊಂಚು ಹಾಕಬೇಕು, ಕಾಯಬೇಕು, ಪ್ರಾಣಿಗೆ ಅನುಮಾನವೇ ಬರಬಾರದು!

ಗುಡ್ರುನ್: ಒಂದು ಬಟ್ಟಲು ಸಾರು ಇಟ್ಟು ನಿನ್ನನ್ನ ಕೆಡವಿದೆನಲ್ಲ. ಜಿಂಕೆ ನಿನಗಿಂತ ದಡ್ಡ ಅಂತೀಯಾ? ಹಾಗಾದ್ರೆ ಕೋವಿನೂ ಬೇಡ ಬಿಡು, ಇನ್ನೊಂದು ಬಟ್ಟಲು ಸಾರೇ ಸಾಕು.